ಮರ್ಲ್‌ಗೆ ಒಗ್ಗುತ್ತಿದ್ದ ಸ್ಕೋನು

ಹೆಂಡತಿಯ ಗೆಳತಿ ಡಲ್ಸಿ ಮೇಜಿನ ನಡುವೆ ಇಟ್ಟ ಸ್ಕೋನು ಬನ್ನುಗಳ ತಟ್ಟೆಯನ್ನು ಕ್ಲೆಮ್ ಎತ್ತಿ ಕಿಟಕಿಯ ಬಳಿ ಇಟ್ಟ. ಜಾಮ್ ತರಲು ಹೋಗಿದ್ದವಳು ಬಂದು ಮತ್ತೆ ನಡುವಿಗೇ ತಂದಳು.

"ಏನೋ ನಿಂದು? ಹೆಂಡತೀನ ಮಣ್ಣು ಮಾಡಿ ಬಂದೋನು ಒಂದ್ಕಡೆ ಕೂತ್ಕೋಬಾರ್ದಾ?"

"ಜಾಗ ಸಾಲಲ್ಲ ಅಂತ, ಅಷ್ಟೆ."

ಜಾಗ ಬೇಕಾದಷ್ಟಿತ್ತು. ಮಣ್ಣಿನ ದಿನದ ಚಹಾಕ್ಕೆ ಮನೆಗೊಂದು ತಟ್ಟೆ ತಿಂಡಿ ತರುವುದು ಆ ಊರಿನ ವಾಡಿಕೆ. ಸ್ಯಾಂಡ್‌ವಿಚ್, ಕೇಕು, ಮಾಂಸದ ಕಡುಬು, ಎಲ್ಲವೂ ಗೋಧಿಯದೇ. ಸುತ್ತ ಕಣ್ಣು ಹಾಯುವಷ್ಟು ದೂರ ಬೆಳೆಯುವುದೂ ಅದೇ. ಗೋಧಿಯ ಚೂರು ಪುಡಿ ಒಳಗೆ ಹೋದರೂ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಕ್ಲೆಮ್‌ನ ಹೆಂಡತಿ ಮರ್ಲ್‌ಗೆ ಇದೇ ಊರಲ್ಲಿ ಬರಬೇಕಿತ್ತೇ ಎಂದು ಜನ ರೇಗಿಸುತ್ತಿದ್ದರು, ಅವಳೂ ನಗುತ್ತಿದ್ದಳು. ಕೊನೆಗೆ ಕೈಕೊಟ್ಟದ್ದು ಹೊಟ್ಟೆಯಲ್ಲ, ಹೃದಯ. ಕೋಳಿಗೂಡಿನ ಮುಂದೆ ಕುಸಿದವಳು ಏಳಲಿಲ್ಲ.

"ಇವು ಅಕ್ಕಿ, ಜೋಳದ ಹಿಟ್ಟಿನ ಸ್ಕೋನು," ಡಲ್ಸಿ ಪಕ್ಕದವಳಿಗೆ ಹೇಳುತ್ತಿದ್ದಳು. "ಇಡೀ ಊರಲ್ಲಿ ನನ್ನ ಕೈದು ಮಾತ್ರ ಮರ್ಲ್‌ಗೆ ಒಗ್ತಿತ್ತು." ಹೇಳುತ್ತಲೇ ಅವಳ ಕಣ್ಣು ತುಂಬಿತು.

ಕ್ಲೆಮ್ ಹೊರಗೆ ಹೋದ. ಅಲ್ಲೂ ನಿಲ್ಲಲಾರದೆ ಒಳಗೆ ಬಂದ.

*

ಕೊರೊನಾದ ವರ್ಷ ಮರ್ಲ್ ಮೈಕೈ ತುಂಬಿಕೊಂಡಿದ್ದಳು. ಯಾರೂ ತಟ್ಟೆ ಹಿಡಿದು ಬರುವಂತಿರಲಿಲ್ಲ, ಯಾರಿಗೂ ಬೇಡ ಎನ್ನಬೇಕಿರಲಿಲ್ಲ. ಅಡಿಲೇಡಿನ ಆಹಾರತಜ್ಞೆ ನೀನಾ ಟ್ಯಾಬಿನ ವಿಡಿಯೊದಲ್ಲೇ ಬಂದು ವಿಚಾರಿಸಿಕೊಳ್ಳುತ್ತಿದ್ದಳು. ಸಿಗ್ನಲ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ. ಕ್ಲೆಮ್ ಟ್ಯಾಬನ್ನು ಮೇಲೆತ್ತಿ ಹಿಡಿಯಬೇಕು, "ಅಲ್ಲಾಡಿಸ್ಬೇಡ, ಆ ಹುಡುಗೀಗೆ ತಲೆ ಸುತ್ತುತ್ತೆ" ಎಂದು ಮರ್ಲ್ ಬೈಯಬೇಕು.

ಆ ವರ್ಷವೇ ಡಲ್ಸಿಯ ಗಂಡ ರಾಯ್ ತೀರಿಕೊಂಡ. ಮಣ್ಣಿಗೆ ಹತ್ತೇ ಜನ ಎಂಬ ಕಟ್ಟಳೆ. ಮರ್ಲ್ ರಸ್ತೆಯಲ್ಲಿ ಕಾರಿನೊಳಗೇ ಕೂತು ಅತ್ತು ಬಂದಳು. ಕಟ್ಟಳೆ ಸಡಿಲವಾಗಿದ್ದೇ ತಡ, ಡಲ್ಸಿ ಸ್ಕೋನು ಹಿಡಿದು ಬಂದಳು.

"ನಿಂಗೋಸ್ಕರಾನೇ ಬೇರೆ ಹಿಟ್ಟು ತರಿಸಿ ಮಾಡಿದ್ದು. ಅಂಟ್ಬಾರ್ದು ಅಂತ ಮಣೆಗೆ ಮಾತ್ರ ಚೂರು ನಮ್ಮ ಗೋಧಿ ಹಿಟ್ಟು ಉದುರಿಸ್ದೆ. ಅದೇನು ಲೆಕ್ಕಕ್ಕಿಲ್ಲ ಬಿಡು."

ಮರ್ಲ್ ಒಂದನ್ನು ಪೂರ್ತಿ ತಿಂದಳು. ಆಮೇಲೆ ಎರಡು ದಿನ ಹಾಸಿಗೆ ಹಿಡಿದಳು.

"ಬೇಡ ಅಂತ ಹೇಳ್ಬಿಡಿ ಮರ್ಲ್," ಎಂದಳು ನೀನಾ, ಪರದೆಯಲ್ಲಿ.

"ರಾಯ್‌ಗೆ ಒಂದ್ಹಿಡಿ ಮಣ್ಣು ಹಾಕೋಕಾಗ್ಲಿಲ್ಲಮ್ಮ ನಂಗೆ. ಅವಳು ತಂದಿದ್ದನ್ನೂ ಬೇಡ ಅಂದ್ರೆ ನಾನ್ಯಾವ ಸೀಮೆ ಗೆಳತಿ?" ಮರ್ಲ್ ಕ್ಲೆಮ್ ಕಡೆ ತಿರುಗಿದಳು. "ನೀನೇನಾದ್ರೂ ಅವಳ ಹತ್ರ ಬಾಯಿಬಿಟ್ಯೋ, ನೋಡು."

ಅಲ್ಲಿಂದ ತಿಂಗಳಿಗೊಮ್ಮೆ ತಟ್ಟೆ ಬಂತು. ಡಲ್ಸಿಯ ಎದುರು ಮರ್ಲ್ ಒಂದು ತಿನ್ನುತ್ತಿದ್ದಳು, ಉಳಿದದ್ದು ಕೋಳಿಗಳಿಗೆ.

*

"ತಾತ, ಇದನ್ನ ನಾನೂ ತಿನ್ಬಹುದಂತೆ. ಡಲ್ಸಿ ಅಜ್ಜಿ ಹೇಳಿದ್ರು."

ಮೊಮ್ಮಗಳು ಪಿಪ್ಪಾ. ಅಜ್ಜಿಯ ಮೂಗಿನ ಜೊತೆ ಅಜ್ಜಿಯ ಕಾಯಿಲೆಯೂ ಅವಳಿಗೆ ಬಂದಿತ್ತು. ಸ್ಕೋನು ಆಗಲೇ ಬಾಯಿಯ ಹತ್ತಿರವಿತ್ತು. ಕ್ಲೆಮ್ ಅವಳ ಕೈ ಹಿಡಿದುಕೊಂಡ.

"ಬೇಡ, ಇಲ್ಲಿ ಕೊಡು."

"ತಿನ್ಲಿ ಬಿಡೋ," ಎಂದಳು ಡಲ್ಸಿ. "ಅವಳಜ್ಜಿ ತಿಂದಿದ್ದೇ ತಾನೆ?"

ಬಾಯಿಬಿಡಬಾರದೆಂದು ಹೆಂಡತಿ ಮಾತು ತೆಗೆದುಕೊಂಡಿದ್ದಳು. ಅದನ್ನು ಅವಳ ಮಣ್ಣಿನ ದಿನವೇ ಕ್ಲೆಮ್ ಮುರಿಯಬೇಕಾಯಿತು.

"ತಿಂದಿದ್ಲು. ತಿಂದಾಗೆಲ್ಲ ಎರಡು ದಿನ ಮೇಲೇಳ್ತಿರ್ಲಿಲ್ಲ. ಮಣೆಗೆ ಉದುರಿಸ್ತೀಯಲ್ಲ ಡಲ್ಸಿ, ಆ ಹಿಟ್ಟು."

ಡಲ್ಸಿ ನಗಲು ಹೋದಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು.

"ಪ್ರತಿ ಸಲಾನೂ?"

"ಹೂಂ."

"ಹೇಳೋಕೇನಾಗಿತ್ತು ಅವಳಿಗೆ?"

"ನಿಂಗೆ ನೋವಾಗುತ್ತೆ ಅಂತ."

"ಕತ್ತೆ," ಎಂದಳು ಡಲ್ಸಿ. "ಶುದ್ಧ ಕತ್ತೆ ಅವಳು." ಮುಂದೆ ಮಾತಾಡಲಾಗಲಿಲ್ಲ, ಅಳು ಬಂದುಬಿಟ್ಟಿತು.

ಅಳುತ್ತಲೇ ಅಡುಗೆಕೋಣೆಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಗೋಡೆಯ ಮೇಲೆ ಎಲ್ಲರೂ ಕೈ ಒರೆಸಿದ ಟವೆಲ್ಲಿತ್ತು, ಸೊಂಟದಲ್ಲಿ ಕೇಕಿನ ಪುಡಿ ಹತ್ತಿದ ಏಪ್ರನ್ನಿತ್ತು. ಎರಡನ್ನೂ ಮುಟ್ಟದೆ ಹೊರಗೆ ಬಂದು ಪಿಪ್ಪಾಳ ಮುಂದೆ ನಿಂತಳು.

"ನಿಂಗೇನು ಕೊಡ್ಲಿ ಪುಟ್ಟಾ? ನೀನೇ ಹೇಳು."

ಎರಡೂ ಕೈಗಳನ್ನು ಎಲ್ಲಿಗೂ ತಾಗದಂತೆ ಮೇಲಕ್ಕೆ ಹಿಡಿದಿದ್ದಳು. ಮೊಳಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.