ಊದಿದ ಚಂದ್ರ

ನಾನು ಕೊರೆದ ಮೊದಲ ಚಂದ್ರನಿಗೆ ಎರಡು ಬದಿಯಲ್ಲಿ ತಗ್ಗು ಬಿದ್ದಿತ್ತು. ಅಜ್ಜಿ ಆ ಮರದ ಬಿಲ್ಲೆಯ ಅಂಚಿನಲ್ಲಿ ಹೆಬ್ಬೆರಳು ಆಡಿಸಿ, "ಇಲ್ಲಿ ಯಾರೋ ಕಚ್ಚಿದ್ದಾರಲ್ಲೇ!" ಎಂದು ನಕ್ಕಿದ್ದಳು. ಅವಳ ಕತೆಗಳಲ್ಲಿ ಚಂದ್ರನನ್ನು ಕಚ್ಚಿ ಓಡುವ ಹಸಿದ ರಕ್ಕಸಿಯೊಬ್ಬಳಿದ್ದಳು.

ನನ್ನ ರಕ್ಕಸಿ ಒಂದು ಸವೆದ ಸ್ಕ್ರೂ. ಕೆಟ್ಟ ಪ್ರಿಂಟರುಗಳ ಮೋಟರು, ಹಳೆಯ ಹೊಲಿಗೆ ಯಂತ್ರದ ಮೇಜು ಸೇರಿಸಿ, ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರವೊಂದನ್ನು ಚಿಕ್ಕಪ್ಪನ ಶೆಡ್ಡಿನಲ್ಲಿ ಎರಡು ವರ್ಷ ಕೂತು ಕಟ್ಟಿದ್ದೆ. ಕೊರೆಯುವ ಅಲಗನ್ನು ಅತ್ತಿತ್ತ ಸರಿಸುವ ಆ ಸ್ಕ್ರೂ, ದಿಕ್ಕು ಬದಲಿಸುವಾಗಲೆಲ್ಲ ಅಲಗನ್ನು ಸರಿಸದೆ ಒಂದು ಕೂದಲೆಳೆಯಷ್ಟು ಸುಮ್ಮನೆ ತಿರುಗುತ್ತಿತ್ತು. ಆ ಸಡಿಲವನ್ನು ಅಳೆದು, ಹಿಂದಿರುಗುವಾಗ ಸ್ಕ್ರೂ ಅಷ್ಟು ಹೆಚ್ಚು ತಿರುಗುವಂತೆ ಪ್ರೋಗ್ರಾಮಿನಲ್ಲಿ ಬರೆದೆ. ಚಂದ್ರ ದುಂಡಗಾದ.

ಮರದ ಅಚ್ಚು ಮಾಡುವ ಕಾರ್ಖಾನೆಯ ಯಜಮಾನರು ಯಂತ್ರ ನೋಡಲು ಬರುವವರಿದ್ದರು. ಮಾಡಿದವರಿಗೆ ಕೆಲಸ ಎಂದಿದ್ದರು. ಹಿಂದಿನ ದಿನ ಚಿಕ್ಕಪ್ಪ ಹೇಳಿದ: "ನಮ್ಮ ಪ್ರಸನ್ನ ಮಾಡಿದ್ದು ಅಂತೀನಿ. ಅವನಿಗೊಂದು ದಾರಿ ಆಗ್ಲಿ. ನಿಂಗ್ಯಾಕಮ್ಮ ಈ ಗ್ರೀಸು, ಕಾರ್ಖಾನೆ?"

ಪ್ರಸನ್ನ ಅವನ ಮಗ. ಯಂತ್ರದ ಹತ್ತಿರ ಬರುತ್ತಿದ್ದುದು ಟೀ ಲೋಟ ಇಡಲು ಮಾತ್ರ.

"ಮಾಡಿದ್ದು ನಾನು, ಚಿಕ್ಕಪ್ಪ."

"ಶೆಡ್ಡು ಯಾರ್ದು?"

ಯಂತ್ರಕ್ಕೆ ಬಟ್ಟೆ ಹೊದಿಸಿ ಶೆಡ್ಡಿನಿಂದ ಹೊರಟುಬಿಟ್ಟೆ.

ಮರುದಿನ ಎಲ್ಲರೆದುರು ಯಂತ್ರ ಗುಂಯ್‌ಗುಟ್ಟಿತು. ಹೊರಬಂದ ಚಂದ್ರ, ಕೆನ್ನೆಗೆ ಬಾರಿಸಿಕೊಂಡವನ ಹಾಗೆ ಎರಡು ಬದಿಯೂ ಊದಿಕೊಂಡಿದ್ದ. ಬಗ್ಗಿ ನೋಡಿದೆ. ಯಂತ್ರ ಹೊಸದಾಗಿ ಕಾಣಲೆಂದು ಪ್ರಸನ್ನ ರಾತ್ರೋರಾತ್ರಿ ಸವೆದದ್ದನ್ನು ತೆಗೆದು ಥಳಥಳಿಸುವ ಬಿಗಿ ಸ್ಕ್ರೂ ಹಾಕಿಬಿಟ್ಟಿದ್ದ. ಇಲ್ಲದ ಸಡಿಲಕ್ಕಾಗಿ ನನ್ನ ಪ್ರೋಗ್ರಾಮು ಅದನ್ನು ಹೆಚ್ಚು ತಿರುಗಿಸುತ್ತಲೇ ಇತ್ತು.

"ಯಾಕಪ್ಪ ಹೀಗಾಯ್ತು?" ಎಂದರು ಯಜಮಾನರು.

"ಮರ ಸರಿಯಿಲ್ಲ ಸಾರ್," ಎಂದ ಪ್ರಸನ್ನ.

ಅಜ್ಜಿ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆಂದು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿಟ್ಟಿದ್ದ ಹಲಗೆ ಅದು. ಇನ್ನು ತಡೆಯಲಾಗಲಿಲ್ಲ.

"ಮರಕ್ಕೆ ಬಾಯಿಲ್ಲ ಅಂತ ಅದನ್ನ ಬೈಬೇಡ ಕಣೋ! ಮಾಡಿದೋನು ನೀನಾದ್ರೆ ಸಡಿಲದ ಅಂಕಿ ಎಲ್ಲಿದೆ, ತೋರ್ಸು."

ಅವನು ಕೀಲಿಮಣೆಯನ್ನು ಗುರುತಿಲ್ಲದ ನಾಯಿಯನ್ನು ನೋಡುವಂತೆ ನೋಡಿದ. ಅವನನ್ನು ಸರಿಸಿ ಕೂತು, ಅಂಕಿಯನ್ನು ಸೊನ್ನೆ ಮಾಡಿದೆ. ಮುಂದಿನ ಚಂದ್ರ ದುಂಡಗೆ ಬಂದ. ಯಜಮಾನರು ನನ್ನ ಹೆಸರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, "ನಮ್ಮನೆ ಹುಡುಗಿ ಸಾರ್, ನಾನೇ ಕಲಿಸಿದ್ದು," ಎಂದ.

ಕೆಲಸ ನನಗೇ ಸಿಕ್ಕಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ದುಂಡು ಚಂದ್ರನನ್ನು ಅಜ್ಜಿ ದೇವರ ಗೂಡಿನ ಪಕ್ಕ ತೂಗುಹಾಕಿದಳು. ಊದಿಕೊಂಡವನು ನನ್ನ ಮೇಜಿನ ಮೇಲಿದ್ದಾನೆ. ಅವನ ಅಂಚಿನಲ್ಲಿ ಆಡಿಸಿದಾಗಲೆಲ್ಲ ನನ್ನ ಹೆಬ್ಬೆರಳು ಇಂದಿಗೂ ಎರಡು ಕಡೆ ತಡೆದು ನಿಲ್ಲುತ್ತದೆ.