ಹಾಜಿ ಮನೆಯ ಹಾಸುಗಲ್ಲು

"ಇದನ್ನ ಕೈಯಲ್ಲಿ ಹಾಸಿದ್ರೋ, ಕುಂಡೀಲಿ ಹಾಸಿದ್ರೋ?"

ಕಂಟ್ರಾಕ್ಟರ್ ಎರ್ಗಾಶ್ ಒಂದು ಹಾಸುಗಲ್ಲಿನ ಅಂಚನ್ನು ಬೂಟುಗಾಲಲ್ಲಿ ಒತ್ತಿದ. ಕಲ್ಲು ಅಲ್ಲಾಡಿ, ಸಂದಿಯಿಂದ ಕೆಸರುನೀರು ಚಿಮ್ಮಿ ಅವನ ಪ್ಯಾಂಟಿಗೇ ಬಿತ್ತು. ನನಗೆ ನಗು ಬಂತು. ನಗುವ ಹೊತ್ತಲ್ಲ ಅಂತ ಗೊತ್ತಿದ್ದೂ ಬಂತು.

"ಯಾವಳೇ ಅದು ಹಲ್ಲು ಕಿರಿಯೋಳು? ತೊಹ್ತಾ, ನೀನಾ? ಬಜಾರ್ ಮೂಲೇಲಿ ಕೂಲಿಗೆ ನಿಲ್ಲೋ ರಂಡೇರನ್ನ ಕರ್ಕೊಂಡ್ ಬಂದು ಕೆಲಸ ಕೊಟ್ನಲ್ಲ, ನನ್ ಮೆಟ್ಟು ತಗೊಂಡು ನಾನೇ ಹೊಡ್ಕಾಬೇಕು."

ನಾವು ನಾಲ್ಕು ಜನ ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ನಮ್ಮ ಮುಂದೆ ನಮ್ಮ ಗುಂಪಿನ ಹಿರಿಯಳು ಓಯ್ಜಮಾಲ್, ನಮಗೆಲ್ಲ ಓಪಾ, ಅಂದರೆ ಅಕ್ಕ. ಎದುರಿನ ಕಟ್ಟೆಯ ಮೇಲೆ ಮನೆಯ ಯಜಮಾನ ಮಿರ್ಜಾಹಿದ್ ಹಾಜಿ ಕಾಲು ಮಡಚಿ ಕೂತು ಹಸಿರು ಚಹಾ ಕುಡಿಯುತ್ತಿದ್ದ. ಪೆಟ್ರೋಲ್ ಬಂಕುಗಳ ಧಣಿ ಅವನು. ಮುಂದಿನ ವಾರ ಅವನ ಮಗನ ಮದುವೆ. ಅರ್ಧ ಕೋಕಂದ್ ಪಟ್ಟಣ ಆ ಅಂಗಳದಲ್ಲಿ ಕೂತು ಉಣ್ಣಬೇಕು. ಅಂಗಳವೋ ಮುದುಕಿಯ ಬಾಯಿಯ ಹಾಗೆ, ಒಂದು ಕಲ್ಲು ಮೇಲೆ, ಒಂದು ಒಳಗೆ.

ಆ ಕಲ್ಲು ಹಾಸಿದ್ದು ನಡುಚಳಿಯಲ್ಲಿ. "ನೆಲ ಹೆಪ್ಪುಗಟ್ಟೈತೆ, ಜಲ್ಲಿ ಬೇರೆ ಇಲ್ಲ. ಹಿಮ ಕರಗಿದ್ರೆ ಕಲ್ಲು ಕುಸೀತದೆ," ಅಂತ ಓಪಾ ಅವತ್ತೇ ಎರ್ಗಾಶ್‌ಗೆ ಹೇಳಿದ್ದಳು. ಜಲ್ಲಿ ತುಂಬಿದ ಲಾರಿ ಬಾಗಿಲ ತನಕ ಬಂದು, ಹಾಜಿಗೆ ಮುಖ ತೋರಿಸಿ, ಹಾಗೇ ಹಿಂದಕ್ಕೆ ಹೋಗಿದ್ದನ್ನು ನಾವೆಲ್ಲ ನೋಡಿದ್ದೆವು. ಎರ್ಗಾಶ್ ಜಲ್ಲಿಯ ಬದಲು ಕೆಡವಿದ ಗೋಡೆಯ ಕಸ ಸುರಿಸಿ, "ಇಡ್ರೇ ಕಲ್ಲು, ನೀವೇನು ಇಂಜಿನಿಯರ್ ಹೆಂಡ್ರಾ?" ಅಂದ. ಇಟ್ಟೆವು. ಮನೆಯಲ್ಲಿ ಒಲೆ ಉರಿಯಬೇಕಾದವರು ಎಷ್ಟೂಂತ ವಾದ ಮಾಡುತ್ತಾರೆ?

"ಅವತ್ತೇ ಇವನಿಗೆ ಹೇಳಿದ್ದೆ ಹಾಜಿ ಅಕಾ," ಅಂದಳು ಓಪಾ ಈಗ, ಅಣ್ಣ ಅನ್ನುವ ಮರ್ಯಾದೆ ಕೊಟ್ಟೇ.

ಹಾಜಿ ಅವಳನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಕೇರಿಯ ಮುಖಂಡ ಉಮರಾಲಿಯನ್ನು ನೋಡಿದ. ಉಮರಾಲಿಗೆ ಅಷ್ಟೇ ಸಾಕು.

"ನೋಡವ್ವ ಓಯ್ಜಮಾಲ್. ಹಾಜಿ ದೊಡ್ಡ ಮನಸ್ಸು ಮಾಡವ್ರೆ. ಪೊಲೀಸು ಗಿಲೀಸು ಏನೂ ಬ್ಯಾಡ. ಮದುವೆ ಹಿಂದಿನ ದಿನ ಹಶರ್ ಇಡಾನ. ನೀವೇ ಕಲ್ಲು ಎತ್ತಿ, ನೀವೇ ಸಮ ಮಾಡಿ. ಊಟದ ಹೊತ್ಗೆ ನೀನು ಹಿರೀಕರ ಮುಂದೆ ನಿಂತ್ಕೊಂಡು, ತಪ್ಪು ನನ್ ಕೈಯಿಂದು ಅನ್ನು. ಮುಗೀತು."

"ಅನ್ನದಿದ್ರೆ?"

"ನಿನ್ ಗಂಡ ರಷ್ಯಾದಲ್ಲಿ ಅವ್ನೋ ಸತ್ನೋ ಸುದ್ದಿಯಿಲ್ಲ. ಅತ್ತೆ ಹಾಸಿಗೆ ಹಿಡಿದವ್ಳೆ. ನಾಳೆ ಮುದುಕಿ ಕಣ್ ಮುಚ್ಚಿದ್ರೆ ಹೆಗಲು ಕೊಡೋರು ಈ ಕೇರಿ ಗಂಡಸ್ರೇ ತಾನೆ? ಯೋಚ್ನೆ ಮಾಡು."

ಹಶರ್ ಅಂದರೆ ಬಡವನ ಗೋಡೆ ಬಿದ್ದಾಗ ಕೇರಿಯೆಲ್ಲ ಸೇರಿ ಮಣ್ಣು ತುಳಿದು ಕಟ್ಟಿಕೊಡುವುದು. ಆ ಮನೆಯವರು ಪಲಾವ್ ಬಡಿಸುತ್ತಾರೆ. ಕೂಲಿ ಕೇಳಬಾರದು, ಬರುವುದಿಲ್ಲ ಅನ್ನಬಾರದು. ನನ್ನ ಗೋಡೆ ಬಿದ್ದಾಗ ಒಬ್ಬನೂ ಬರಲಿಲ್ಲ, ಆ ಮಾತು ಬಿಡಿ. ಹಾಜಿಯಂಥವರು ಕರೆದರೆ ಅದು ಹಶರ್ ಅಲ್ಲ, ಬಿಟ್ಟಿ ಚಾಕರಿ.

ದಾರಿಯಲ್ಲಿ ನಾನು ಸುಮ್ಮನಿರಲಾರದೆ ಅಂದೆ: "ತಪ್ಪು ನಂದೇ ಅಂತ ನೀನು ಬಾಯ್ಬುಟ್ರೆ ನಮ್ಮನ್ನ ಇನ್ಯಾರ್ ಕರೀತಾರೆ ಓಪಾ? ನಿನ್ ಕೈ ನೋಡಿ ತಾನೆ ನಮ್ಗೆ ಕೆಲಸ ಸಿಗ್ತಿರೋದು. ಬಜಾರ್ ಮೂಲೇಲಿ ನೊಣ ಹೊಡೀತಾ ಕೂರಾದಾ?"

"ಗೊತ್ತು ಕಣೇ," ಅಂದಳು. "ಮುದುಕಿ ನನ್ನ ಮಗಳಂಗೆ ನೋಡ್ಕಂಡವ್ಳೆ. ಅವಳ ಹೆಣ ಮನೇಲಿ ಕೊಳೆಯಕ್ಕೆ ಬಿಡಾದಾ?"

ನಮ್ಮ ಕಡೆ ಹೆಂಗಸರು ಹೆಣದ ಹಿಂದೆ ಬಾಗಿಲ ತನಕ ಅಳುತ್ತ ಬರಬಹುದು, ಅಲ್ಲಿಂದ ಮುಂದಕ್ಕೆ ಹೋಗುವವರು ಗಂಡಸರು.

ಹಶರ್ ದಿನ ಬೆಳಕು ಹರಿಯುವ ಹೊತ್ತಿಗೆ ಶುರು ಮಾಡಿದೆವು. ಹಾರೆ ಹಾಕಿ ಮೀಟುವುದು, ಎತ್ತುವುದು, ಗೋಡೆಗೆ ಒರಗಿಸಿ ಪೇರಿಸುವುದು. ಎರ್ಗಾಶ್ ಜೇಬಿಗೆ ಕೈ ಬಿಟ್ಟುಕೊಂಡು, "ಸೊಂಟ ಬಗ್ಸ್ರೇ! ರಾತ್ರಿ ಗಂಡನ ಹತ್ರ ಬಗ್ಸಿ ಸುಸ್ತಾಯ್ತಾ?" ಅನ್ನುತ್ತ ಓಡಾಡಿದ. ಕಟ್ಟೆಯ ಮೇಲೆ ಕೂತ ಗಂಡಸರು ನಕ್ಕರು. ಮಸೀದಿಯ ಮುಲ್ಲಾ ಕೂಡ ಗಡ್ಡದೊಳಗೆ ನಕ್ಕ. ಗಂಡ ರಷ್ಯಾದ ಚಳಿಯಲ್ಲಿ ಇಟ್ಟಿಗೆ ಹೊರುತ್ತಿರುವ ಹೆಂಗಸರಿಗೆ ಆಡುವ ಮಾತು ಅದು.

ಓಪಾ ಒಂದು ಕಲ್ಲನ್ನೂ ಉಳಿಸಗೊಡಲಿಲ್ಲ. "ಗಟ್ಟಿಯಾಗಿರೋವು ಇರ್ಲಿ ಬಿಡೇ," ಅಂದ ಎರ್ಗಾಶ್. "ಮಟ್ಟ ಬರಲ್ಲ," ಅಂದಳು ಅವಳು. ನಡುಹಗಲಿಗೆ ಅಂಗಳ ಪೂರ್ತಿ ಬಿಚ್ಚಿತ್ತು. ಕೆಳಗಿನದೆಲ್ಲ ಮೇಲೆ ಕಂಡಿತು. ಗೋಡೆಯ ಹೆಂಟೆ, ಹರಿದ ಸಿಮೆಂಟ್ ಚೀಲ, ಒಡೆದ ಬಾಟಲಿ, ಯಾರದೋ ಒಂಟಿ ಬೂಟು.

ಪಲಾವ್ ಬಂತು. ಕಟ್ಟೆಯ ಮೇಲಿನ ತಟ್ಟೆಗೆ ಕುರಿಮಾಂಸ ಗುಡ್ಡೆ ಹಾಕಿತ್ತು. ನಮ್ಮ ತಟ್ಟೆಯಲ್ಲಿ ಅನ್ನ ಮತ್ತು ಗಜ್ಜರಿ. ತಿಂದೆವು. ಹೊಟ್ಟೆಗೆ ಮಾನ ಮರ್ಯಾದೆ ಇರುವುದಿಲ್ಲ.

"ಈಗ ಹೇಳವ್ವ," ಅಂದ ಉಮರಾಲಿ.

ಓಪಾ ಕೈ ಒರೆಸಿಕೊಂಡು ಅಂಗಳದ ನಡುವೆ ನಿಂತಳು. "ಹಾಜಿ ಅಕಾ, ಕೆಳಗಿಳಿದು ನೋಡಿ. ಈ ನೆಲದಾಗೆ ಒಂದು ಹಿಡಿ ಜಲ್ಲಿ ಸಿಕ್ರೆ ತಪ್ಪು ನಂದೇ. ಈ ಕೈ ಕಡ್ದು ಇಲ್ಲೇ ಹೂತ್ಬುಡಿ."

ಹಾಜಿ ಕೂತಲ್ಲಿಂದಲೇ ನೆಲ ನೋಡಿದ. ಕುರುಡನಿಗೂ ಕಾಣುತ್ತಿತ್ತು. ಆದರೆ ಎರ್ಗಾಶ್ ಅವನ ಹೆಂಡತಿಯ ತಮ್ಮ. ಹಾಜಿ ಮೂಳೆಯ ಮಜ್ಜೆ ಹೀರಿ, ಮೂಳೆ ಪಕ್ಕಕ್ಕಿಟ್ಟು ಹೇಳಿದ:

"ನೆಲದ ಮಾತು ಆಮೇಲೆ. ಸಂಜೆ ಒಳಗೆ ಕಲ್ಲು ಕೂರ್ಬೇಕು. ಇವಳ ಬಾಯಲ್ಲಿ ತಪ್ಪು ಒಪ್ಸಿ, ಕೆಲಸಕ್ಕೆ ಹಚ್ಚಿ."

ಕಾಣದೆ ತಪ್ಪು ಹೊರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಇವನು ಕಂಡೂ ಹೊರಿಸುತ್ತಿದ್ದ.

ಓಪಾ ಎರಡೂ ಅಂಗೈ ಮೇಲೆತ್ತಿದಳು. ಊಟವಾದ ಮೇಲಿನ ಪ್ರಾರ್ಥನೆಗೆ ಹಿರಿಯ ಗಂಡಸು ಎತ್ತಬೇಕಾದ ಕೈ ಅದು. "ಉಂಡ ಮನೆ ತಣ್ಣಗಿರ್ಲಿ. ಸೇರ್ದೋರು ಅವರವರ ಮನೆ ಸೇರ್ಲಿ. ಆಮೀನ್," ಅಂದಳು. ಎತ್ತಿದ ಕೈ ಕಂಡರೆ ನಮ್ಮವರ ಕೈ ತಾನಾಗಿ ಏಳುತ್ತದೆ. ಉಮರಾಲಿಯ ಕೈ ಎದ್ದಿತು, ಹಾಜಿಯದು ಎದ್ದಿತು, ಎರ್ಗಾಶನದೂ ಎದ್ದಿತು. ಆಮೀನ್ ಅಂತ ಎಲ್ಲರೂ ಮುಖ ಸವರಿಕೊಂಡರು, ಮುಲ್ಲಾ ಜಿಡ್ಡುಗೈಯಲ್ಲೇ. ಆಮೀನ್ ಆದ ಮೇಲೆ ಸೇರಿದವರು ಏಳಬೇಕು. ಯಾರನ್ನೂ ಹಿಡಿದಿಟ್ಟು ಮತ್ತೆ ಗುದ್ದಲಿ ಕೊಡುವಂತಿಲ್ಲ.

ನಾವು ಎದ್ದೆವು.

"ಲೇ ಮುಂಡೇವಾ, ಕಲ್ಲು ಯಾರ್ ಹಾಸ್ತಾರೆ, ನಿಮ್ಮಪ್ಪನಾ?" ಎರ್ಗಾಶ್ ಬಾಗಿಲಿಗೆ ಅಡ್ಡ ಬಂದ.

"ಹಶರ್ ಮುಗೀತು ತಮ್ಮ. ನೀನೂ ಮುಖ ಸವರ್ಕಂಡೆಯಲ್ಲ," ಅಂದು ಓಪಾ ಅವನನ್ನು ಭುಜದಿಂದ ಸರಿಸಿ ಹೊರಗೆ ಬಂದಳು.

ಸಂಜೆ, ಓಪಾ ಮಾಡಿದ್ದು ಕೇಳಿ, ಬಜಾರಿನಿಂದ ಯಾವ ಕೂಲಿಯೂ ಹಾಜಿಯ ಮನೆಗೆ ಹೋಗಲಿಲ್ಲ. ಬಿಚ್ಚಿದ ನೆಲದ ಮೇಲೆ ಕಂಬಳಿ ಹಾಸಿದ್ದಾರೆ ಅಂತ ಸುದ್ದಿ ಬಂತು. ಆ ಸುದ್ದಿಗೆ ನಗಬೇಕು ಅಂದುಕೊಳ್ಳುವಷ್ಟರಲ್ಲಿ ಬೆಳಗಾಯಿತು, ಓಪಾಳ ಅತ್ತೆ ಸತ್ತಿದ್ದಳು.

ಹೆಣ ತೊಳೆಯುವ ಹೆಂಗಸು ಬಂದಳು, ಅವಳೂ ನಮ್ಮಂಥವಳೇ. ಗಂಡಸರು ಯಾರೂ ಬರಲಿಲ್ಲ. ನಾನು ಮಸೀದಿಗೆ ಓಡಿದೆ. ಮದುವೆಗೆ ಹೊರಟಿದ್ದ ಮುಲ್ಲಾ ಹೊಸ ನಿಲುವಂಗಿಯ ಗುಂಡಿ ಹಾಕುತ್ತ, "ಉಮರಾಲಿ ಅಕಾ ಹೇಳ್ದಂಗೆ ನಾನು. ಕಾಯ್ಕಳ್ರಿ," ಅಂದ. ಬೇಗ ಮಣ್ಣು ಮಾಡಬೇಕಾದ ಹೆಣವನ್ನು ಮದುವೆ ಮುಗಿಯುವ ಮುಸ್ಸಂಜೆಯ ತನಕ ಕಾಯಿಸುವವರುಂಟೆ? ಮಸೀದಿಯ ಗೋಡೆಗೆ ಒರಗಿಸಿದ್ದ ಚಟ್ಟವನ್ನು ಯಾರನ್ನೂ ಕೇಳದೆ ಎತ್ತಿಕೊಂಡು ಬಂದೆ.

ನಾವೇ ಹೊತ್ತೆವು. ಮುಂದೆ ಓಪಾ ಮತ್ತು ನಾನು, ಹಿಂದೆ ಉಳಿದವರು. ಬೀದಿಯ ಬಾಗಿಲುಗಳು ತೆರೆದವು, ಮುಚ್ಚಿದವು. ಯಾರೋ ಮುದುಕ ಉಗಿದ. ಕಬರಸ್ತಾನದ ಗೇಟಿಗೆ ಬರುವಷ್ಟರಲ್ಲಿ ಉಮರಾಲಿಯೂ ಮುಲ್ಲಾನೂ ಮದುವೆ ಮನೆಯಿಂದ ಓಡೋಡಿ ಬಂದು, ಚಿಲಕ ಹಾಕಿ ಅಡ್ಡ ನಿಂತಿದ್ದರು.

"ಇಳಿಸ್ರೇ ಕೆಳೀಕೆ," ಅಂದ ಉಮರಾಲಿ. "ಹೆಂಗಸ್ರು ಹೆಣ ಹೊತ್ಕಂಡ್ ಒಳೀಕ್ ಬರಾದಾ? ನಾಚ್ಕೆ ಮಾನ ಇಲ್ವಾ? ತಪ್ಪಾಯ್ತು ಅನ್ನು ಓಯ್ಜಮಾಲ್, ಈಗ್ಲೇ ಗಂಡಸ್ರನ್ನ ಕಳಿಸ್ತೀನಿ."

ಓಪಾ ಹೆಗಲು ಬದಲಿಸಲಿಲ್ಲ.

"ಬಾಗ್ಲು ತೆಗೀರಿ. ಇಲ್ದಿದ್ರೆ ಹಾಜಿ ಅಂಗಳಕ್ ತಗೊಂಡೋಗಿ ಮಣ್ ಮಾಡ್ತೀವಿ. ಅಲ್ಲಿ ನೆಲ ಬಿಚ್ಚೇ ಐತೆ."

ಚಿಲಕದ ಮೇಲಿನ ಉಮರಾಲಿಯ ಕೈ ಅಲ್ಲೇ ಇತ್ತು. ಹಾಜಿಯ ಮನೆಯ ಕಡೆಯಿಂದ ಮದುವೆಯ ಕಹಳೆ ಶುರುವಾಯಿತು. ಓಪಾ ಚಟ್ಟದ ಮುಂಭಾಗವನ್ನು ಕಹಳೆಯ ಕಡೆಗೆ ತಿರುಗಿಸಿದಳು. ನಾವೂ ತಿರುಗಿದೆವು.