ಮಹಡಿ ಮನೆಯ ಅತ್ತೆ ಮಗಳು

ತಿಂಗಳಿಗೊಮ್ಮೆ ಕಲ್ಯಾಣಿ ಬ್ಯಾಗು ಹಿಡಿದು 'ಊರಿಂದ' ಬರುತ್ತಿದ್ದಳು. ನಾಲ್ಕು ದಿನ ಎಲ್ಲರಿಗೂ ಕಾಣುವಂತೆ ಓಡಾಡಿ, ಗೇಟಿನ ಬಳಿ "ಹೋಗ್ಬರ್ತೀನಿ ಆಂಟಿ" ಎಂದು ಹೇಳಿ ಹೊರಡುತ್ತಿದ್ದಳು. ಸಾರಕ್ಕಿಯ ಹೊಲಿಗೆ ಅಂಗಡಿಯಲ್ಲಿ ದಿನದ ಕೆಲಸ ಮುಗಿಸಿ, ಕತ್ತಲಾದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಅದೇ ಮೆಟ್ಟಿಲು ಹತ್ತುತ್ತಿದ್ದಳು. ಹೊಟ್ಟೆಪಾಡಿಗೆ ನಾನಾ ವೇಷ ಅನ್ನುತ್ತಾರೆ. ಇವಳದು ಸೂರಿನ ಪಾಡು.

ಕತ್ರಿಗುಪ್ಪೆಯ ಆ ಮಹಡಿ ಮನೆಯ ಕರಾರು ಮೇಘಶ್ರೀಯ ಹೆಸರಿನಲ್ಲಿತ್ತು. ಒಳಗಿನ ಕೋಣೆಯನ್ನು ಕಲ್ಯಾಣಿಗೆ ಬಾಡಿಗೆಗೆ ಕೊಡುವಾಗಲೇ ಅವಳು ಹೇಳಿದ್ದಳು: "ಕೆಳಗಿರೋ ಓನರ್‌ಗೆ ಗೊತ್ತಾದ್ರೆ ಇಬ್ರನ್ನೂ ಓಡಿಸ್ತಾರೆ. ನೀನು ನಮ್ಮತ್ತೆ ಮಗಳು, ಆಗಾಗ ಬಂದು ಹೋಗ್ತಿರ್ತೀಯ." ಹಾಗೆ ಹೇಳಿ ಬಾಗಿಲು ಹಾಕಿಕೊಂಡ ಮೇಘಶ್ರೀ ಮೂರು ವರ್ಷದಲ್ಲಿ ಮತ್ತೆ ಅಷ್ಟು ಮಾತಾಡಿದ್ದಿಲ್ಲ. ಮಾತಾಡಿಸುತ್ತಿದ್ದವರು ಓನರ್ ಬದರಿನಾಥರ ಹೆಂಡತಿ ವಾರಿಜಮ್ಮ ಒಬ್ಬರೇ. ಅದೂ ತಿಂಗಳಲ್ಲಿ ಆ ನಾಲ್ಕು ದಿನ.

ಈಗ ಮೇಘಶ್ರೀಗೆ ಪುಣೆಗೆ ವರ್ಗವಾಯಿತು. "ಮನೆ ಬಿಡ್ತೀನಿ ಅಂದ್ಬಿಟ್ಟೆ ಕಣೆ, ನೀನೂ ಎಲ್ಲಾದ್ರೂ ನೋಡ್ಕೋ" ಎಂದಳು ಪಾತ್ರೆ ಕಟ್ಟುತ್ತಾ. ಗಂಡನನ್ನು ಬಿಟ್ಟು ಬಂದ ಹೆಂಗಸಿಗೆ ಈ ಊರಿನಲ್ಲಿ ಮನೆ ಕೊಡುವವರು ಎಷ್ಟು ಜನ ಎಂಬುದು ಕಲ್ಯಾಣಿಗೆ ಚೆನ್ನಾಗಿ ಗೊತ್ತಿತ್ತು. ಧೈರ್ಯ ಮಾಡಿ ಕೆಳಗಿಳಿದಳು.

"ಅಂಕಲ್, ನಾನು ಅವಳ ಅತ್ತೆ ಮಗಳಲ್ಲ. ಮೂರು ವರ್ಷದಿಂದ ಇಲ್ಲೇ ಬಾಡಿಗೆಗಿದೀನಿ. ಮನೇನ ನನಗೇ ಕೊಡಿ."

ಹೆಂಡತಿಯ ಪಕ್ಕ ಕೂತು ಪೇಪರು ಓದುತ್ತಿದ್ದ ಬದರಿನಾಥರು ನಕ್ಕರು. "ಬೇರೆ ಫ್ಯಾಮಿಲಿಗೆ ಮಾತು ಕೊಟ್ಟಾಗಿದೆ. ಈಗ ಮೇಲೆ ಬಾಡಿಗೆಗೆ ಇರೋರೇ ಕೇಳಿದ್ರೆ ಆ ಮಾತು ಬೇರೆ. ನೀವು ನೆಂಟರು. ಮನೆಗೋಸ್ಕರ ಇಲ್ಲದ್ದೆಲ್ಲ ಹೇಳ್ಬೇಡಿ ಮೇಡಂ. ನಮ್ಮ ತಲೆ ಮೇಲೆ ಒಬ್ರು ವಾಸ ಇದ್ರೆ ನಮಗೆ ಗೊತ್ತಾಗಲ್ವಾ?"

ತನ್ನ ನಟನೆ ಇಷ್ಟು ಚೆನ್ನಾಗಿತ್ತೆಂದು ಅವಳಿಗೇ ತಿಳಿದಿರಲಿಲ್ಲ. ತನ್ನ ಹೆಸರಿನಲ್ಲಿ ಬಾಡಿಗೆಯ ಒಂದು ಚೀಟಿಯೂ ಇಲ್ಲ. ಅಡ್ವಾನ್ಸ್ ಕೈಸೇರುವ ತನಕ ಮೇಘಶ್ರೀ ಬಾಯಿ ಬಿಡುವವಳಲ್ಲ. ಸಾಕ್ಷಿಗೆ ಉಳಿದದ್ದು ತನ್ನೆರಡು ಕಿವಿ.

"ತುಳಸಿಗೆ ನೀರು ಹಾಕೋವಾಗ ಅಂಕಲ್ ದಿನಾ ಸೀನ್ತಾರೆ. ಮಿಕ್ಸಿ ಕೆಟ್ಟಾಗಿಂದ ನೀವು ಒರಳಲ್ಲೇ ಚಟ್ನಿ ರುಬ್ತೀರ ಆಂಟಿ."

ವಾರಿಜಮ್ಮನಿಗೆ ನಗು ಬಂತು. ಆ ನಗು ಕಂಡು ಕಲ್ಯಾಣಿಗೆ ಹುರುಪು ಬಂದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ.

"ಅಂಕಲ್ ವಾಕಿಂಗ್ ಹೋದ್ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀರ ಆಂಟಿ. ನನಗೆ ರಜ ಇದ್ದಾಗೆಲ್ಲ ಕೇಳಿಸ್ಕೊಂಡಿದೀನಿ. ಬಂದು ನಿಮ್ಮ ಪಕ್ಕ ಕೂತ್ಕೊಳ್ಳೋಣ ಅನ್ಸೋದು. ಊರಿಗೆ ಹೋಗಿರೋಳು ಹೇಗೆ ಬರ್ಲಿ ಅಂತ ಸುಮ್ನಾಗ್ತಿದ್ದೆ."

ಬದರಿನಾಥರು ಪೇಪರು ಮಡಿಸಿ ಹೆಂಡತಿಯ ಮುಖ ನೋಡಿದರು. ವಾರಿಜಮ್ಮ ಸೆರಗು ಎಳೆದು ಹೊದ್ದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಇವರು ಇದ್ರು ಕಣ್ರೀ," ಎಂದರು ಕೊನೆಗೆ, ಗಂಡನಿಗೆ. "ಇಲ್ಲೇ ಇದ್ರು." ಆಮೇಲೆ ಕಲ್ಯಾಣಿಯ ಕಡೆ ನೋಡದೆ, "ಭಾನುವಾರದೊಳಗೆ ಖಾಲಿ ಮಾಡಿ" ಎಂದರು.

ನೆಂಟರಿಗೆ ಯಾರೂ ಖಾಲಿ ಮಾಡಿ ಅನ್ನುವುದಿಲ್ಲ. ಅವಳು ಆ ಮನೆಯಲ್ಲಿ ಬಾಳಿದ್ದಳೆಂದು ಒಪ್ಪಿಕೊಂಡು ಅವಳಿಗೇ ಹೇಳಿದ ಮೊದಲ ಮಾತು ಅದು. "ಆಯ್ತು ಆಂಟಿ" ಎಂದಳು.